ಚಪ್ಪಾಳಿ ಬ್ಯಾಡ್ರಿ!

ಡ್ಯಾನ್ಸ್ ಶುರುವಾಗುವ ಮೊದಲೇ ನನ್ನ ಮೊಮ್ಮಗ ಕುರ್ಚಿಯ ಕೆಳಗೆ ಹೊಕ್ಕು ಕುಳಿತಿದ್ದ!

ಸೋಮುವಿಗೆ ಎರಡು ವರ್ಷ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ. ಹೊರಗೆ ಹೋದರೆ ತಾಯಿಯ ಸೊಂಟ ಬಿಟ್ಟು ಇಳಿಯುವವನಲ್ಲ. ಸೊಸೆ ಶ್ರುತಿ ಬರುವ ತಿಂಗಳು ಮತ್ತೆ ಕಾಲೇಜಿಗೆ ಪಾಠ ಮಾಡಲು ಹೋಗಬೇಕು. "ಇವ ಹಿಂಗ ಅಂಟ್ಕೊಂಡ್ರ ನಾ ಹೆಂಗ ಕೆಲಸಕ್ಕ ಹೋಗ್ಲಿ, ಅತ್ತಿ?" ಎಂದು ದಿನಾ ಕೇಳುತ್ತಾಳೆ. ನಮ್ಮೂರ ವಿದ್ಯಾಗಿರಿ ಬಡಾವಣೆಯಲ್ಲಿ ಪುಟಾಣಿಗಳಿಗೆಂದೇ ಡ್ಯಾನ್ಸ್ ಶೋ ಇದೆ ಅಂದಾಗ, ನಾಲ್ಕು ಮಂದಿಯ ನಡುವೆ ರೂಢಿಯಾಗಲಿ ಎಂದು ಕರೆದುಕೊಂಡು ಹೋದೆವು.

ನಮ್ಮ ಸಂಘಟಕರು ಗೊತ್ತಲ್ಲ? ಸ್ಟೇಜು, ಮೈಕು, ಅತಿಥಿಗಳಿಗೆ ಶಾಲು, ಹಾರ. (ಪ್ರೇಕ್ಷಕರಲ್ಲಿ ಅರ್ಧ ಜನ ಡೈಪರ್ ಹಾಕಿಕೊಂಡಿದ್ದಾರೆ ಎಂಬುದೇ ಅವರಿಗೆ ಮರೆತಿತ್ತು.) ಇಳಕಲ್‌ನಿಂದ ಬಂದಿದ್ದ ನೃತ್ಯಗಾರ್ತಿ ರೇಣುಕಾ ಮಾತ್ರ ಸ್ಟೇಜ್ ಹತ್ತಲೇ ಇಲ್ಲ. ಕೆಳಗೆ ಜಮಖಾನೆ ಹಾಸಿಸಿ ಮಕ್ಕಳ ನಡುವೆ ಕುಳಿತೇಬಿಟ್ಟಳು. ಒಂದು ಮಗು ಆಕಳಿಸಿದರೆ ಈಕೆಯೂ ಆಕಳಿಸಿದಳು. ಆ ಆಕಳಿಕೆ ಮೆಲ್ಲಗೆ ಹೆಗಲಿಗೆ, ಕೈಗೆ ಇಳಿದು ನೃತ್ಯವಾಯಿತು. ಇನ್ನೊಂದು ಮಗು ಗೆಜ್ಜೆ ಎಳೆದರೆ ಕಾಲು ಚಾಚಿ ಕೊಟ್ಟಳು. ಇದೂ ಒಂದು ಡ್ಯಾನ್ಸಾ ಅಂದಿರಾ? ನಾನೂ ಮೊದಲು ಹಾಗೇ ಅಂದುಕೊಂಡೆ.

ಆಮೇಲೆ ಆಕೆ ಸೋಮುವನ್ನು ನೋಡಿದಳು. "ಬಾ ಮರಿ" ಅನ್ನಲಿಲ್ಲ. ತಾನೂ ಎದುರಿನ ಕುರ್ಚಿಯ ಕೆಳಗೆ ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು! ಇವನು ಇಣುಕಿದ. ಆಕೆಯೂ ಇಣುಕಿದಳು. ಇವನು ಕಾಲು ಬಡಿದ. ಅಲ್ಲಿಂದ ಗೆಜ್ಜೆ ಝಲ್ಲೆಂದಿತು. ನಮ್ಮ ಸೋಮು ಹೊರಗೆ ಬಂದ.

ನಾವು ಸುಮ್ಮನಿರುವ ಜನವೇ? "ಶಾಬಾಷ್!" ಎಂದು ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರು ನನ್ನದೇ. ಮಗು ಬೆದರಿ ಮತ್ತೆ ಒಳಗೆ ಹೋಯಿತು. ಶ್ರುತಿಯ ಕಣ್ಣು ತುಂಬಿತು.

ರೇಣುಕಾ ಕುರ್ಚಿಯ ಕೆಳಗಿನಿಂದಲೇ ಪಿಸುಗುಟ್ಟಿದಳು: "ಅಕ್ಕಾರ, ಚಪ್ಪಾಳಿ ಬ್ಯಾಡ್ರಿ. ಅವ ನಮಗ ತೋರ್ಸಾಕ ಬಂದಿಲ್ರಿ, ಆಡಾಕ ಬಂದಾನ."

ನಾವೆಲ್ಲ ಕೈ ಮಡಿಲಲ್ಲಿ ಇಟ್ಟುಕೊಂಡೆವು. ಸ್ವಲ್ಪ ಹೊತ್ತಿಗೆ ಸೋಮು ಮತ್ತೆ ಬಂದ. ಆಕೆಯ ಸೆರಗಿನ ತುದಿ ಹಿಡಿದು ಗಿರಗಿರ ತಿರುಗಿದ, ಬಿದ್ದ, ಎದ್ದ, ನಕ್ಕ. ತಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ. ಶ್ರುತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ನನಗೋ ಕೈ ತಡೆಯುವುದೇ ಕಷ್ಟ! ಎಂಥ ಹೆಣ್ಣುಮಗಳಪ್ಪಾ ಆಕೆ! ದೊಡ್ಡವರ ಚಪ್ಪಾಳೆ ಬೇಡವೆಂದು ಒಂದು ಕೂಸಿಗಾಗಿ ಕುಣಿಯುವುದು ಸಣ್ಣ ವಿದ್ಯೆಯೇ?

ಮೊನ್ನೆ ಬಾದಾಮಿಯಿಂದ ನನ್ನ ಮಗಳ ಅತ್ತೆ-ಮಾವ ಬಂದಿದ್ದರು. ಚಹಾ ಕುಡಿಯುತ್ತ ಬೀಗರು, "ಭಾಳ ಚಲೋ ಕುಣಿತಿಯಂತಲ್ಲೋ ಸೋಮು, ಎಲ್ಲಿ, ತೋರ್ಸು ನೋಡೂಣು" ಎಂದರು. ಸೋಮು ಸೀದಾ ಮಂಚದ ಕೆಳಗೆ. "ಬಾರೋ, ನಾಚ್ಕಿ ಯಾಕ?" ಎಂದು ಎಲ್ಲರೂ ಶುರುಮಾಡಿದರು.

ನಾನು ಕಪ್ಪು ಕೆಳಗಿಟ್ಟೆ, ಸೆರಗು ಮುಖಕ್ಕೆ ಎಳೆದುಕೊಂಡೆ, ಬೀಗರ ಎದುರಿಗೇ ಮಂಚದ ಕೆಳಗೆ ತೂರಿದೆ.