ಸ್ಲೊವೇನಿಯಾದಲ್ಲಿ ಅಪ್ಪನ ಜಾಗ

ಗಲ್ಫಿನಲ್ಲಿ ಬೆಳೆದ ನಮ್ಮಂಥ ಮಕ್ಕಳಿಗೆ ಆಗೆಲ್ಲ ರಜೆ ಎಂದರೆ ಊರು, ನಮ್ಮ ಮಟ್ಟಿಗೆ ಉಡುಪಿ. ಬೇಸಗೆ ರಜೆ ಹತ್ತಿರವಾದಂತೆ ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ನಮ್ಮ ಫ್ಲ್ಯಾಟಿನಲ್ಲಿ ಹಾಲಿನಪುಡಿ, ಖರ್ಜೂರ, ಸಾಬೂನುಗಳ ವಾಸನೆ ಒಂದಾಗಿ ಹರಡುತ್ತಿತ್ತು. ಅಮ್ಮ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ಪೆಟ್ಟಿಗೆ ಕಟ್ಟಲಿಲ್ಲ. ಆ ಸಲ ನಾವು ಸ್ಲೊವೇನಿಯಾಕ್ಕೆ ಹೊರಟಿದ್ದೆವು.

“ಅದೆಂತ ದೇಶ? ಸ್ವಿಟ್ಜರ್ಲೆಂಡ್ ಸಿಕ್ಲಿಲ್ವಾ?” ಎಂದು ಕೆಳಗಿನ ಮನೆಯ ಆಂಟಿ ಮೂಗು ಮುರಿದರು. ಅಪ್ಪ ಕ್ಯಾರೇ ಅನ್ನಲಿಲ್ಲ. ಅವರು ಕಟ್ಟಡ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಪಕ್ಕದ ಮೇಜಿನ ಇಂಜಿನಿಯರ್ ಯಾನೆಜ್ ಆ ದೇಶದವರು. ತನ್ನೂರಿನ ಕತೆ ಹೇಳಿ ಹೇಳಿ ಅಪ್ಪನಿಗೆ ಹುಚ್ಚು ಹಿಡಿಸಿ, ಬಂದರೆ ತಮ್ಮ ಮನೆಯಲ್ಲೇ ಇಳಿಯಬೇಕು ಎಂದು ಮಾತು ತೆಗೆದುಕೊಂಡಿದ್ದರು. ಶುಕ್ರವಾರ ಬಂತೆಂದರೆ ಅಪ್ಪ ಊರಿಗೆ ಫೋನು ಹಚ್ಚಿ ಸೋದರಮಾವನ ಕಿವಿ ಕೊರೆಯುತ್ತಿದ್ದರು. “ಗುಹೆಯೊಳಗೆ ರೈಲು ಹೋಗ್ತದೆ ಮಾರಾಯ! ಕೆರೆ ಮಧ್ಯ ಒಂದು ದ್ವೀಪ ಉಂಟು.” ನಾವು ಹೊರಟ ಸುದ್ದಿ ಉಡುಪಿಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

ಕತಾರಿನಲ್ಲಿ ಆಗ ಕೆಲಸಗಾರ ದೇಶ ಬಿಡಬೇಕಾದರೆ ಕಫೀಲ, ಅಂದರೆ ಕಂಪನಿಯ ಯಜಮಾನ, ಒಪ್ಪಿ ಸಹಿ ಹಾಕಬೇಕಿತ್ತು. ಅದಕ್ಕೆ ಖುರೂಜ್ ಎನ್ನುತ್ತಿದ್ದರು. ಹೆಂಡತಿ ಮಕ್ಕಳಿಗೆ ಅಪ್ಪನೇ ಕಫೀಲ, ಅಪ್ಪನಿಗೆ ಯಜಮಾನ. ಪ್ರತಿ ವರ್ಷ ಆಫೀಸಿನವರೇ ಮಾಡಿಸುತ್ತಿದ್ದ ಕೆಲಸವದು. ಈ ಸಲವೂ “ಖಲಾಸ್, ಆಯ್ತು” ಎಂದಿದ್ದರು. ಅಪ್ಪ ನಂಬಿ, ಹೊಸ ಶರ್ಟು ತೊಟ್ಟು, ಅತ್ತರು ಹಚ್ಚಿಕೊಂಡು ವಿಮಾನ ನಿಲ್ದಾಣಕ್ಕೆ ಬಂದರು.

ಕೌಂಟರಿನವನು ಕಂಪ್ಯೂಟರ್ ನೋಡಿ, “ಖುರೂಜ್ ಮಾಫಿ” ಎಂದ. ಇಲ್ಲ ಅಂತ. ಅಪ್ಪ ನಕ್ಕರು, ಏನೋ ತಪ್ಪಾಗಿರಬೇಕು ಎಂದರು. ಮತ್ತೆ ನೋಡಿಯೂ ಅವನು ಮಾಫಿ ಎಂದ. ಆಫೀಸಿಗೆ ಫೋನು ಮಾಡಿದಾಗ ತಿಳಿಯಿತು: ಯಜಮಾನ ಸಹಿಯನ್ನೇ ಹಾಕದೆ ರಜೆಗೆ ಹೋಗಿಬಿಟ್ಟಿದ್ದಾನೆ. ಹೋಗಿದ್ದೂ ಯುರೋಪಿಗೇ.

“ನಾವೂ ಹೋಗುದು ಬೇಡ” ಎಂದಳು ಅಮ್ಮ. ತಮ್ಮ ಅಳತೊಡಗಿದ.

“ಯಾನೆಜ್ ಮೊದಲೇ ರಜೆಗೆ ಊರಿಗೆ ಹೋಗಿ ನಮಗೆ ಕಾಯ್ತಾ ಇದ್ದಾರೆ. ನೀವು ಹೋಗಿ, ನಾನು ನಾಳೆಯೋ ನಾಡಿದ್ದೋ ಬರ್ತೇನೆ. ಗುಹೆಗೆ ಮಾತ್ರ ನಾನು ಬಂದ ಮೇಲೆಯೇ ಹೋಗುವ, ಆಯ್ತಾ?” ಎಂದು ಅಪ್ಪ ನನ್ನ ಕೆನ್ನೆ ತಟ್ಟಿದರು.

ಸ್ಲೊವೇನಿಯಾ ಚಂದವಿತ್ತು. ಅದೇ ಸಿಟ್ಟು ಬರಿಸುತ್ತಿತ್ತು. ಕಿಟಕಿಗಳ ತುಂಬ ಕೆಂಪು ಹೂ, ಕತ್ತರಿಸಿದ ಹುಲ್ಲಿನ ವಾಸನೆ, ಯಾನೆಜ್ ಅವರ ತಾಯಿ ಸುಡುತ್ತಿದ್ದ ಅಕ್ರೋಟದ ರೊಟ್ಟಿ. ಅಮ್ಮ ಒಂದು ತುಂಡು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ಸಂಜೆ ಅಪ್ಪನ ಫೋನು ಬರುತ್ತಿತ್ತು. “ನಾಳೆ ಸಹಿ ಆಗ್ತದಂತೆ.” ಅವರಿಗಾಗಿ ಕಾದು ಕಾದು, ಗುಹೆಯನ್ನು ನಾವು ನೋಡಲೇ ಇಲ್ಲ.

ಹೊರಡುವ ಮುನ್ನಾ ದಿನ ಬ್ಲೆಡ್ ಕೆರೆಯ ದಂಡೆಯಲ್ಲಿ, ಎದೆಮಟ್ಟದ ಕಟ್ಟೆಯ ಹಿಂದೆ ಯಾನೆಜ್ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದರು. “ನೀನು ಆಚೆ ಸರಿ. ಮಧ್ಯ ಅಪ್ಪನಿಗೆ ಜಾಗ ಬಿಡು” ಎಂದಳು ಅಮ್ಮ. ನನಗೆ ಅರ್ಥವಾಗಲಿಲ್ಲ, ಸರಿದು ನಿಂತೆ.

ಅರ್ಥವಾದದ್ದು ದೋಹಾಕ್ಕೆ ಮರಳಿದ ಮೇಲೆ. ಬಿನ್ ಒಮ್ರಾನಿನಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಕೋಟಿಲ್ಲದವರಿಗೆ ಕಂಪ್ಯೂಟರಿನಲ್ಲೇ ಕೋಟು ತೊಡಿಸಿ ಪಾಸ್‌ಪೋರ್ಟ್ ಫೋಟೋ ಮಾಡಿಕೊಡುವ ಜಾಗ. ಅಮ್ಮ ಅಪ್ಪನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. “ಊರಲ್ಲಿ ಎಲ್ಲರಿಗೂ ಹೇಳಿ ಆಗಿದೆ. ನಾಳೆ ನಿಮ್ಮನ್ನು ಆಡಿಕೊಳ್ಳುದು ಬೇಡ” ಎಂದಳು. ಅಪ್ಪ ನೀಲಿ ಪರದೆಯ ಮುಂದೆ ಕೂತರು. ಸ್ಟುಡಿಯೋದವನು ಅಭ್ಯಾಸಬಲದಲ್ಲಿ ಅವರಿಗೂ ಕೋಟು ತೊಡಿಸಿ, ಟೈ ಕಟ್ಟಿ, ನಮ್ಮ ನಡುವೆ ತಂದು ನಿಲ್ಲಿಸಿದ.

ಮುಂದಿನ ವರ್ಷ ಉಡುಪಿಯಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. “ಎಂತ ಭಾವ, ಕೆರೆ ನೋಡ್ಲಿಕ್ಕೂ ಟೈ ಕಟ್ಟಿ ಹೋದದ್ದಾ?” ಎಂದು ಸೋದರಮಾವ ನಕ್ಕರು.

“ಅಲ್ಲಿಯವರೆಲ್ಲ ಹಾಗೇ” ಎಂದರು ಅಪ್ಪ. ಕೇಳಿದವರಿಗೆ ಗುಹೆಯ ರೈಲಿನ ಬಗ್ಗೆ, ಒಳಗಿನ ಚಳಿಯ ಬಗ್ಗೆ ಹೇಳುತ್ತಾ ಹೋದರು. ನಮ್ಮಲ್ಲಿ ಯಾರೂ ಹತ್ತದ ರೈಲು ಅದು. ತಮ್ಮ ನಿಜ ಹೇಳಲು ಬಾಯಿ ತೆರೆಯುವುದರೊಳಗೆ ಅಮ್ಮ ಅವನ ಬಾಯಿಗೆ ಹೋಳಿಗೆ ತುರುಕಿದಳು. ಆ ಯಜಮಾನನ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯಾವತ್ತೂ ಸುಳ್ಳಾಡದ ನನ್ನ ಅಪ್ಪನಿಗೆ ನೆಂಟರ ಮುಂದೆ ನಿಂತು ಸುಳ್ಳು ಕಟ್ಟುವ ಗತಿ ತಂದವನು ಅವನು. ಅಪ್ಪ ಮತ್ತೆಂದೂ ಊರು ಬಿಟ್ಟು ಬೇರೆಡೆಗೆ ರಜೆ ಕೇಳಲಿಲ್ಲ.

ಈಗ ಆ ಸಹಿಯ ಕಟ್ಟುಪಾಡು ಸಡಿಲವಾಗಿದೆ. ದೋಹಾದಲ್ಲೇ ಕೆಲಸ ಮಾಡುವ ತಮ್ಮ ಯಾರನ್ನೂ ಕೇಳದೆ ಬೇಕಾದಲ್ಲಿಗೆ ಹಾರುತ್ತಾನೆ. ಅಪ್ಪನಿಗೆ ವಯಸ್ಸಾಗಿದೆ, ಇತ್ತೀಚೆಗೆ ಹಿಂದಿನದು ಮುಂದಿನದು ಕಲಸಿಹೋಗುತ್ತದೆ. ಮೊನ್ನೆ ತಮ್ಮ ರಜೆಗೆ ಉಡುಪಿಗೆ ಬಂದವನು ಅವರ ಪಕ್ಕ ಕೂತು, “ಅಪ್ಪ, ಈ ಸಲ ನಾವೆಲ್ಲ ಸ್ಲೊವೇನಿಯಾಕ್ಕೆ ಹೋಗುವ. ನೀವೂ ಬರ್ಬೇಕು” ಎಂದ.

ಅಪ್ಪ ಅಮ್ಮನತ್ತ ತಿರುಗಿ ನಕ್ಕರು. ಆ ನಗುವಿನಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ.

“ಒಮ್ಮೆ ನೋಡಿ ಬಂದದ್ದಲ್ವಾ” ಎಂದರು, “ಪುನಃ ಎಂತ ನೋಡ್ಲಿಕ್ಕೆ ಉಂಟು ಅಲ್ಲಿ?”