ಬೀಗರ ಕಡೆಗೊಂದು ಸ್ಪೀಕರ್

ಹರಿಹರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿರುವ ನನಗೆ ವಿದ್ಯುತ್ ರೋಧದ ಅಳತೆಯಾದ ಓಮ್ ಎಂದರೇನೆಂದು ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ಗೊತ್ತಿದ್ದೂ ಕೆಟ್ಟವನು ನಾನು.

ಮೊಮ್ಮಗಳ ತೊಟ್ಟಿಲ ಕಾರ್ಯ ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿತ್ತು. ಬಾತಿಯಿಂದ ಬಂದಿದ್ದ ನನ್ನ ಅತ್ತೆ ಜೋಗುಳ ಹಾಡಲು ಒಪ್ಪಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಅವರು ಹಾಡಿಯೇ ಇರಲಿಲ್ಲ. "ಮೈಕ್ ಇದ್ರೆ ನೋಡಾನ್ರಿ, ನನ್ ದನಿ ಈಗ ದೂರ ಹೋಗಲ್ಲ" ಎಂದಿದ್ದರು. ನನ್ನ ಹಳೆಯ ಆಂಪ್ಲಿಫೈಯರಿನ ಹಿಂಬದಿಯಲ್ಲಿ ಲೋಡು ನಾಲ್ಕು ಓಮಿಗಿಂತ ಕಡಿಮೆಯಾಗಬಾರದು ಎಂದು ಬರೆದಿತ್ತು. ಎಂಟು ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದೆ. ರೋಧ ಅರ್ಧಕ್ಕಿಳಿದು ಸರಿಯಾಗಿ ನಾಲ್ಕು. ಮೀಸೆ ತಿರುವಿಕೊಂಡೆ.

ಅಷ್ಟರಲ್ಲಿ ಬೀಗರು ಬಂದರು. "ಬೀಗ್ರೆ, ನಮ್ ಹೆಣ್ಮಕ್ಕಳು ಕುಂತ ಕಡಿಗೆ ಒಂದೂ ಬಾಕ್ಸ್ ಇಲ್ಲಲ್ರಿ?" ಮೂರನೆಯ ಸ್ಪೀಕರು ಇಟ್ಟೆ. ಅದನ್ನು ಕಂಡು ನನ್ನ ಅಣ್ಣನ ಮುಖ ಸಣ್ಣದಾಯಿತು. "ಅವರಿಗೈತೆ, ನಮಗ್ಯಾಕಿಲ್ಲ?" ನಾಲ್ಕನೆಯದೂ ಬಂತು. ಈಗ ಲೋಡು ಎರಡೇ ಓಮ್. ಕರೆಂಟು ಹೆಚ್ಚಾಗಿ ಆಂಪ್ಲಿಫೈಯರ್ ಸುಡಬೇಕು. ಎರಡೆರಡನ್ನು ಸರಣಿಯಲ್ಲಿ ಕಟ್ಟಿ ಆಮೇಲೆ ಸೇರಿಸಿದ್ದರೆ ತೊಂದರೆಯಿರಲಿಲ್ಲ. ಆದರೆ ಸೌಂಡು ತಗ್ಗುತ್ತದೆ, ಬೀಗರು ಏನಂದುಕೊಂಡಾರು? ಒಂದು ಗಂಟೆ ತಡೆಯದೇ ಎಂದು ದೇವರ ಮೇಲೆ ಭಾರ ಹಾಕಿದೆ.

ಉಡುಗೊರೆ ಕೊಟ್ಟವರ ಹೆಸರುಗಳು ನಾಲ್ಕೂ ದಿಕ್ಕಿಗೆ ಸ್ಪಷ್ಟವಾಗಿ ಕೇಳಿದವು. ಕೊನೆಗೆ ಅತ್ತೆ ಮೈಕ್ ಹಿಡಿದರು. ಎರಡನೇ ಸಾಲಿಗೆ ಸುಟ್ಟ ವಾಸನೆ ಬಂತು, ದನಿ ನಿಂತಿತು. ಅವರ ತುಟಿ ಮಾತ್ರ ಇನ್ನೂ ಆಡುತ್ತಿತ್ತು. ಹಿಂದಿನಿಂದ ಯಾರೋ "ಏನೂ ಕೇಳ್ತಿಲ್ರೀ" ಎಂದರು. ಅತ್ತೆ ಮೈಕ್ ಕೆಳಗಿಟ್ಟು ಒಳಗೆ ಹೋದರು. ನನಗೆ ತಲೆಯೆತ್ತಲಾಗಲಿಲ್ಲ.

ಮಂಡಿಪೇಟೆಯ ರಿಪೇರಿಯವನು ಮುಚ್ಚಳ ಬಿಚ್ಚಿ ನೋಡಿದ. "ನಾಲ್ಕೂ ಒಂದಕ್ಕೇ ಕೊಟ್ಟೋರು ಯಾರ್ರಿ? ಇದು ಹೈಸ್ಕೂಲ್ ಹುಡುಗ್ರಿಗೂ ಗೊತ್ತಿರ್ತೈತೆ. ತಾವೇನ್ ಕೆಲಸ ಮಾಡ್ತೀರಿ ಸರ್?"

"ಕನ್ನಡ ಮೇಷ್ಟ್ರು" ಎಂದೆ.

ಮುಂದಿನ ವಾರ ಎಲ್ಲವನ್ನೂ ಬಾತಿಗೆ ಒಯ್ದು, ಎರಡೇ ಸ್ಪೀಕರು ಜೋಡಿಸಿ, ಅತ್ತೆಯ ಮುಂದೆ ಮೈಕ್ ಇಟ್ಟೆ. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬ್ಯಾಡ ಬಿಡ್ರಿ ಅಳಿಯಂದ್ರೆ. ಅವತ್ತು ಹಾಡ್ಬೇಕು ಅನ್ಸಿತ್ತು."