ಅತ್ತೆ ಕಿತ್ತ ಗೋದಿ

ನಮ್ಮ ಅತ್ತೆ ಯಾರನ್ನೂ ನಂಬುವವರಲ್ಲ. ಅಂಗಡಿಯವನು ತೂಗಿ ಕೊಟ್ಟ ಸಕ್ಕರೆಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುತ್ತಾರೆ. ನಾನು ಕುದಿಸಿದ ಚಹಾಕ್ಕೂ “ಖರೇನ ಹಾಲು ಹಾಕೀಯೇನ?” ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ತವರಿನಿಂದ ತಂದ ಗೋದಿಯ ಮೇಲೆ ಮಾತ್ರ ಅವರಿಗೆ ಪೂರ್ತಿ ನಂಬಿಕೆ. ಕೆಂಪು ಕಾಳು, ತೆನೆಗೆ ಕರಿ ಮೀಸೆ. ಅದರ ಶಾವಿಗೆ ಎಷ್ಟು ಕುದಿಸಿದರೂ ಎಳೆ ಮುರಿಯುವುದಿಲ್ಲ. ಪ್ರತಿ ವರ್ಷ ತೆನೆ ಬಂದ ಮೇಲೆ ಹೊಲ ಸುತ್ತಿ, ಬೇರೆಯಾಗಿ ಕಂಡ ಗಿಡಗಳನ್ನೆಲ್ಲ ಕಿತ್ತು ಎಮ್ಮೆಗೆ ಹಾಕುತ್ತಾರೆ. ಬೀಜ ಬೆರಕೆಯಾಗಬಾರದಲ್ಲ. ಆ ಗೋದಿ ಊರಲ್ಲಿ ಮತ್ಯಾರ ಬಳಿಯೂ ಇರಲಿಲ್ಲ.

ಹೋದ ವರ್ಷ ಮೋಡ, ಇಬ್ಬನಿ ಹೆಚ್ಚಾಗಿ ನಮ್ಮ ಗೋದಿಗೆ ತುಕ್ಕು ರೋಗ ಬಿತ್ತು. ಅಣ್ಣಿಗೇರಿ ಕಡೆ ಅದಕ್ಕೆ ಭಂಡಾರ ಅನ್ನುತ್ತೇವೆ. ಹೊಲದಲ್ಲಿ ನಡೆದರೆ ಸೀರೆಗೆಲ್ಲ ಅರಿಷಿಣದಂಥ ಪುಡಿ ಹತ್ತುತ್ತದೆ. ಅಂಥದರಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಹಚ್ಚಗೆ ನಿಂತಿತ್ತು. ಅತ್ತೆಯ ಕಣ್ಣು ಸಣ್ಣಗಾಯಿತು.

“ಇವು ನಮ್ಮವಲ್ಲ. ನಮ್ಮವಾಗಿದ್ರ ಇವಕ್ಕೂ ರೋಗ ಬರತಿತ್ತು. ಯಾರೋ ಬೀಜ ಬೆರಸ್ಯಾರ.”

“ಮೀಸಿ ನಮ್ಮ ಗೋದಿ ಹಂಗ ಕರ್ರಗ ಅದಾವಲ್ರಿ ಅತ್ತೀ,” ಅಂದೆ.

“ಮೀಸಿ ನೋಡಿ ಮೋಸ ಹೋಗಬ್ಯಾಡ.”

ಯಾರೋ ಅಂದರೆ ಯಾರೆಂದು ನನಗೆ ಗೊತ್ತಿತ್ತು: ಬದುವಿನಾಚೆಯ ಹೊಲದ ಕಾಕಾ. ಹಿಂದಿನ ಸುಗ್ಗಿಯಲ್ಲಿ ರಾಶಿ ಮಷೀನು ಅವರ ಗೋದಿ ಮುಗಿಸಿಯೇ ನಮ್ಮಲ್ಲಿಗೆ ಬಂದಿತ್ತು; ಅದರೊಳಗೆ ಉಳಿದ ಅವರ ಕಾಳು ನಮ್ಮದರಲ್ಲಿ ಬೆರೆತಿರಬೇಕೆಂದು ಅತ್ತೆಯ ಲೆಕ್ಕ. ಸಾಲದ್ದಕ್ಕೆ ಅತ್ತೆ ಮೊದಲ ಹಸಿರು ಗಿಡಕ್ಕೆ ಕೈ ಹಾಕಿದ ಹೊತ್ತಿಗೇ ಕಾಕಾ ಬದುವಿನ ಮೇಲೆ ಬಂದು, “ಅಕ್ಕಾರ, ಚಲೋ ಇದ್ದದ್ದನ್ನ ಯಾಕ ಕೀಳತೀರಿ? ಬಿಡ್ರಿ” ಅಂದರು. ಬಿಡ್ರಿ ಅಂದದ್ದೇ ತಡ, ಅತ್ತೆ ಎರಡೂ ಕೈಯಿಂದ ಕೀಳತೊಡಗಿದರು. ನನಗೂ ಕಾಕಾನ ಮೇಲೆ ಅನುಮಾನ ಬಂತು. ಇಷ್ಟು ವರ್ಷ ಅತ್ತೆಯ ಜೊತೆ ಉಂಡಿದ್ದೇನೆ, ಗುಣ ಹತ್ತದೆ ಇರುತ್ತದೆಯೇ? ಸಂಜೆಯೊಳಗೆ ಹಸಿರೆಲ್ಲ ಎಮ್ಮೆಯ ಮುಂದಿತ್ತು.

ಸುಗ್ಗಿಗೆ ಸಿಕ್ಕದ್ದು ಬರೀ ಜೊಳ್ಳು. ಹಳೆಯ ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದೆವು. ಅತ್ತೆ ಬೀಜದ ಗಡಿಗೆಯನ್ನು ಬೋರಲು ಹಾಕಿ, ಅವತ್ತು ಉಣ್ಣಲಿಲ್ಲ.

ಕೆಲವು ದಿನ ಬಿಟ್ಟು ಕಾಕಾ ಟವೆಲ್ಲಿನಲ್ಲಿ ಒಂದು ಹಿಡಿ ತೆನೆ ಕಟ್ಟಿಕೊಂಡು ಬಂದರು. ಬಿತ್ತುವಾಗ ನಮ್ಮ ಕೂರಿಗೆ ಹೊರಳುವಲ್ಲಿ ನಾಲ್ಕು ಕಾಳು ಈ ಸಲ ಕಡಲೆ ಹಾಕಿದ್ದ ಅವರ ಹೊಲದೊಳಗೆ ಚೆಲ್ಲಿದ್ದವಂತೆ. ಅಲ್ಲಿ ಭಂಡಾರ ಹತ್ತದೆ ಉಳಿದ ಗಿಡಗಳ ತೆನೆ ಇವು.

ಅತ್ತೆ ಒಂದು ತೆನೆ ಉಜ್ಜಿ, ಕಾಳನ್ನು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಅಗಿದು ಅಂಟಾದದ್ದನ್ನು ಹೊರಗೆ ತೆಗೆದು ಬೆರಳಿನಿಂದ ಎಳೆದರು. ಎಳೆ ಮುರಿಯಲಿಲ್ಲ.

“ಇದು ನಮ್ಮದ.”

ಅಂದರೆ ನಾವು ಕಿತ್ತದ್ದೂ ನಮ್ಮದೇ. ಒಬ್ಬ ತಾಯಿಯ ಮಕ್ಕಳಲ್ಲೇ ಒಬ್ಬರಿಗೆ ನೆಗಡಿ ಹತ್ತದ ಹಾಗೆ, ಆ ಗಿಡಗಳಿಗೆ ಹುಟ್ಟಿನಿಂದಲೇ ರೋಗ ತಡೆಯುವ ಗುಣವಿತ್ತು.

ಅತ್ತೆ ತಲೆ ಎತ್ತಿ ಕಾಕಾನನ್ನು ದಿಟ್ಟಿಸಿದರು. “ಉಳಿದದ್ದು ಎಲ್ಲೆ ಇಟ್ಟಿ ತಮ್ಮಾ? ಖರೇ ಹೇಳು.”

ಕಾಕಾ ಟವೆಲ್ ಝಾಡಿಸಿ ತೋರಿಸಿದರು. “ಉಳಿದದ್ದು ನಿಮ್ಮ ಎಮ್ಮಿ ಹೊಟ್ಟ್ಯಾಗ ಹೋತಲ್ರಿ ಅಕ್ಕಾರ.”

ಅತ್ತೆ ತೆನೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಕಾಳು ಬಿಡಿಸಿ ಕೊಡುತ್ತೇನೆಂದು ನಾನು ಕೈ ಚಾಚಿದರೆ, ನನಗೂ ಮುಟ್ಟಗೊಡಲಿಲ್ಲ.